ಸಹಾಯ ಬೇಕು: ಟಿವಿ ಆನ್ ಆಗುತ್ತಿಲ್ಲ, 12 ವೋಲ್ಟ್ ನಿಲ್ಲುತ್ತಿಲ್ಲ

ನಮಸ್ಕಾರ. ಮನೆಯ 32 ಇಂಚಿನ ಎಲ್‌ಇಡಿ ಟಿವಿ ಕರೆಂಟ್ ಹೋಗಿ ಬಂದ ಮೇಲೆ ಆನ್ ಆಗುತ್ತಿಲ್ಲ. ರಿಮೋಟ್ ಒತ್ತಿದರೆ ಕೆಂಪು ಲೈಟ್ ಮಿನುಗುತ್ತದೆ, ಒಳಗೆ ಟಿಕ್ ಟಿಕ್ ಸದ್ದು. ಅಷ್ಟೇ.

ಹಿಂದಿನ ಕವರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ನೋಡಿದೆ. ಫ್ಯೂಸ್ ಸರಿ ಇದೆ. ದೊಡ್ಡ ಫಿಲ್ಟರ್ ಕೆಪಾಸಿಟರ್ ಮೇಲೆ ಸುಮಾರು 320 ವೋಲ್ಟ್ ಡಿಸಿ ಇದೆ. ಅಂದರೆ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಭಾಗ) ತನಕ ತೊಂದರೆ ಇಲ್ಲ ಅಲ್ವಾ? 5 ವೋಲ್ಟ್ ಸ್ಟ್ಯಾಂಡ್‌ಬೈ (ಟಿವಿ ಆಫ್ ಇದ್ದಾಗಲೂ ಇರುವ ಸಪ್ಲೈ) ಕೂಡ ಅಲುಗಾಡುತ್ತಿಲ್ಲ. 12 ವೋಲ್ಟ್ ಲೈನ್ ಮಾತ್ರ ಮೇಲೇರಿ ಕೂಡಲೇ 7ಕ್ಕೆ ಬೀಳುತ್ತದೆ, ಮತ್ತೆ ಏರುತ್ತದೆ. ಆ ಲೈನಿನಲ್ಲಿ 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಎರಡು ಕೆಪಾಸಿಟರ್ ಇವೆ. ಒಂದರ ತಲೆ ಸ್ವಲ್ಪ ಉಬ್ಬಿದ ಹಾಗಿದೆ.

ಅದನ್ನು ಬದಲಿಸಿದರೆ ಸಾಕಾ, ಎರಡನ್ನೂ ಬದಲಿಸಬೇಕಾ? 25 ವೋಲ್ಟಿನದು ಹಾಕಬಹುದಾ? ಅಥವಾ ಮೇನ್ ಬೋರ್ಡಿನಲ್ಲೇ ಏನೋ ಶಾರ್ಟ್ ಆಗಿ ವೋಲ್ಟೇಜನ್ನು ಕೆಳಗೆ ಎಳೆಯುತ್ತಿದೆಯಾ? ಬ್ಯಾಕ್‌ಲೈಟ್ ಕನೆಕ್ಟರ್ ತೆಗೆದು ನೋಡಿದರೆ ಏನಾದರೂ ತಿಳಿಯುತ್ತದಾ?

ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ ಅಂತ ಗೊತ್ತು. ಅದಕ್ಕೆ ಬಲ್ಬ್ ಜೋಡಿಸಿ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿಯೇ ಕೈ ಹಾಕುತ್ತಿದ್ದೇನೆ, ಬೈಯಬೇಡಿ.

ರಿಪೇರಿಯವರು ಬಿಚ್ಚಿಯೂ ನೋಡದೆ ಇಡೀ ಬೋರ್ಡ್ ಬದಲಿಸಿ ಎಂದರು. ಸಣ್ಣ ಕೆಪಾಸಿಟರ್‌ಗೆ ಅಷ್ಟು ದುಡ್ಡು ಸುಮ್ನೆ ಯಾಕೆ? ಇದೇ ತೊಂದರೆ ನೋಡಿದವರು ದಯವಿಟ್ಟು ತಿಳಿಸಿ. ಬೋರ್ಡಿನ ಫೋಟೋ ಕಾಮೆಂಟಿನಲ್ಲಿ ಹಾಕುತ್ತೇನೆ.