ನಾಲ್ಕೂವರೆ ವರ್ಷದ ಹುಡುಗ, ಒದ್ದೆ ಕೌದಿ: ಓದುಗರ ಸ್ಪಂದನ

ಹಿಂದಿನ ಸಂಚಿಕೆಯಲ್ಲಿ ವಿಜಯಪುರದ ತಾಯಿಯೊಬ್ಬರು ಬರೆದಿದ್ದರು: ನಾಲ್ಕೂವರೆ ವರ್ಷದ ಮಗ ಹಗಲಲ್ಲಿ ತಾನೇ ಹೇಳಿ ಒಂದಕ್ಕೆ ಹೋಗುತ್ತಾನೆ, ರಾತ್ರಿ ಮಾತ್ರ ವಾರದಲ್ಲಿ ನಾಲ್ಕೈದು ಸಲ ಹಾಸಿಗೆ ಒದ್ದೆ. ಅತ್ತೆ ಓಣಿಯ ಹುಡುಗರ ಮುಂದೆಯೇ ಅವನನ್ನು ಹೀಯಾಳಿಸುತ್ತಾರೆ. ಬರುವ ತಿಂಗಳು ಬೆಳಗಾವಿಯಲ್ಲಿ ನೆಂಟರ ಮದುವೆ, ಎರಡು ರಾತ್ರಿ ಅವರ ಮನೆಯಲ್ಲೇ ಉಳಿಯಬೇಕು. 'ಅಷ್ಟರೊಳಗೆ ಬಿಡಿಸುವುದು ಹೇಗೆ?' ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಎಲ್ಲರೂ ಕೇಳಿದ್ದಕ್ಕೇ ಉತ್ತರಿಸಿಲ್ಲ. ಅದೂ ಒಳ್ಳೆಯದೇ ಆಯಿತು.

*

ಮಗುವಿನ ಮಾನವನ್ನು ಅತ್ತೆ ಓಣಿಯಲ್ಲಿ ಕಳೆದರು, ತಾಯಿ ಪತ್ರಿಕೆಯಲ್ಲಿ ಕಳೆದರು. ಹೆಸರು ಹಾಕದಿದ್ದರೇನು, ಮನೆಯವರಿಗೆ ಗೊತ್ತಾಗದೇ ಇರುತ್ತದೆಯೇ?
– ನಿವೃತ್ತ ಶಿಕ್ಷಕರು, ಜಮಖಂಡಿ

*

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹನ್ನೊಂದನೇ ವಯಸ್ಸಿನವರೆಗೂ ಹಾಸಿಗೆ ತೋಯಿಸಿದವಳು. ಈಗ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಆದರೂ ಇದನ್ನು ಬರೆಯಲು ಕೂತಾಗ ಕೋಣೆಯ ಬಾಗಿಲು ಹಾಕಿಕೊಂಡೆ.

ನಾವಿದ್ದದ್ದು ಹಳೇ ಬಾಗಲಕೋಟೆಯಲ್ಲಿ, ಆಮೇಲೆ ಆಲಮಟ್ಟಿಯ ಹಿನ್ನೀರಿಗೆ ಹೋದ ಓಣಿಯಲ್ಲಿ. ಗೋಡೆಗೆ ಗೋಡೆ ಹತ್ತಿದ ಮನೆಗಳು. ಯಾರ ಮಾಳಿಗೆಯ ಮೇಲೆ ಏನು ಒಣಗುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅವ್ವ ನಸುಕಿನಲ್ಲೇ ಎದ್ದು ಕೌದಿಯ ಒದ್ದೆಯಾದ ಕಡೆಯನ್ನಷ್ಟೇ ತೊಳೆದು ಹಿಂಡಿ, ಒಣಗಿದ ಭಾಗ ಮೇಲೆ ಬರುವ ಹಾಗೆ ಮಡಚಿ ಹಾಕುತ್ತಿದ್ದಳು. ಹಾಗೆ ಮಡಚಿದರೆ ಒಳಗೆ ಬಿಸಿಲು ತಾಗುವುದಿಲ್ಲ, ಸಂಜೆಗೆ ನಾತ ಹಿಡಿಯುತ್ತದೆ. ಅದರ ಮೇಲೆಯೇ ನನ್ನ ನಿದ್ದೆ. ಅಪ್ಪ ಬೆಲ್ಟು ತೆಗೆಯುತ್ತಿದ್ದರು. ಯಾರೋ ಹೇಳಿದರೆಂದು ಒಮ್ಮೆ ಅರಿಷಿಣಕೊಂಬು ಕಾಸಿ ಹೊಕ್ಕಳ ಕೆಳಗೆ ಬರೆ ಹಾಕಿಸಿದರು. ಗುರುತು ಇನ್ನೂ ಇದೆ. ಹೆರಿಗೆಗೆ ಹೋದಾಗ ನರ್ಸಮ್ಮ ಕೇಳಿದರು, ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದಿತ್ತು ಅಂದೆ.

ಬರೆ ಹಾಕಿದ ಮೇಲೆ ನಿಂತಿತೇ? ಎಲ್ಲಿಂದ ನಿಲ್ಲಬೇಕು. ಹೆದರಿ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದೆ, ಬೆಳಗಿನ ಜಾವ ದಣಿದು ನಿದ್ದೆ ಹತ್ತುತ್ತಿತ್ತು, ಆಗ ಆಗುತ್ತಿತ್ತು. ಶಾಲೆಯಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿ ಪ್ರವಾಸ ಹೊರಟಾಗ ಒಂದು ರಾತ್ರಿ ತಂಗುತ್ತಾರೆಂದು ಗೊತ್ತಾಗಿ ಹೊಟ್ಟೆನೋವೆಂದು ಮಲಗಿಬಿಟ್ಟೆ. ನಮ್ಮದೇ ಜಿಲ್ಲೆಯ ಆ ಗುಡಿಗಳನ್ನು ಮದುವೆಯಾದ ಮೇಲೆ ನೋಡಿದೆ. ಹನ್ನೊಂದು ತುಂಬಿದ ಮೇಲೆ ಅದು ತಾನಾಗಿಯೇ ಹೋಯಿತು, ಯಾರೂ ಏನೂ ಮಾಡಲಿಲ್ಲ.

ಅಪ್ಪ ತೀರಿಕೊಂಡಾಗ ಬಂದಿದ್ದ ಸೋದರತ್ತೆ, ಹಳೆಯ ಮಾತು ತೆಗೆದು ನಗುತ್ತ ಹೇಳಿದರು: 'ನಿಮ್ಮಪ್ಪನೂ ಏಳನೇ ಇಯತ್ತೆ ಮುಲ್ಕಿ ಪರೀಕ್ಷಾಕ್ಕ ಬರೂತನಾ ಹಾಸಿಗಿ ತೋಯಿಸ್ತಿದ್ದ ನೋಡವಾ.' ಕೂತವರೆಲ್ಲ ನಕ್ಕರು. ನನಗೆ ಎದ್ದು ಹೋಗಬೇಕೆನ್ನಿಸಿತು. ಬೆಲ್ಟು ಹಿಡಿದ ಮನುಷ್ಯ ಒಂದೇ ಒಂದು ಸಲ 'ನನಗೂ ಹಿಂಗ ಇತ್ತವಾ, ಹೋಗ್ತದ' ಅಂದಿದ್ದರೆ ಸಾಕಿತ್ತು. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ನನಗೆ ಇದೆ.

ನಿಮ್ಮ ಯಜಮಾನರು ಎಷ್ಟು ವರ್ಷಕ್ಕೆ ಬಿಟ್ಟರು ಎಂದು ಅತ್ತೆಯವರನ್ನು ಕೇಳಿ. ನಾಲ್ಕು ಮಂದಿಯ ಮುಂದೆ ಕೇಳಬೇಡಿ, ಒಬ್ಬರೇ ಇದ್ದಾಗ ಕೇಳಿ. ಬೆಳಗಾವಿಯ ಮದುವೆಗೆ ಏನು ಮಾಡಬೇಕೋ ನನಗೆ ತಿಳಿಯದು.
– ಹೆಸರು ಬೇಡ, ನವನಗರ, ಬಾಗಲಕೋಟೆ

*

ಈ ಪತ್ರದಲ್ಲಿ ಒಂದಕ್ಷರವನ್ನೂ ಕಡಿಮೆ ಮಾಡಿಲ್ಲ. ಸೋದರತ್ತೆಯ ಮಾತಿಗೆ ವೈದ್ಯಶಾಸ್ತ್ರದ ಬೆಂಬಲವೂ ಇದೆ ಎನ್ನುತ್ತಾರೆ ಮುಂದಿನವರು.

*

5 ವರ್ಷ ತುಂಬುವ ಮೊದಲು ಇದನ್ನು ನಾವು ಕಾಯಿಲೆಯ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 5ರ ವಯಸ್ಸಿನಲ್ಲಿಯೂ ನೂರಕ್ಕೆ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ, ಗಂಡುಮಕ್ಕಳಲ್ಲಿ ಹೆಚ್ಚು. ಇಂಥವರಲ್ಲಿ ವರ್ಷ ವರ್ಷವೂ ನೂರಕ್ಕೆ 15ರಷ್ಟು ಮಂದಿ ಔಷಧವಿಲ್ಲದೆ ಬಿಡುತ್ತಾರೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೂ ಬರುವ ಸಂಭವ ನೂರಕ್ಕೆ 40ರ ಮೇಲೆ, ಇಬ್ಬರಿಗೂ ಇದ್ದಿದ್ದರೆ 70ರ ಮೇಲೆ. ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡುವ ವ್ಯಾಸೊಪ್ರೆಸಿನ್ ಹಾರ್ಮೋನು ಕೆಲವು ಮಕ್ಕಳಲ್ಲಿ ತಡವಾಗಿ ಹದಕ್ಕೆ ಬರುತ್ತದೆ. ಮೂತ್ರಚೀಲ ತುಂಬಿದರೂ ಗಾಢನಿದ್ದೆಯಲ್ಲಿ ಎಚ್ಚರವಾಗುವುದಿಲ್ಲ. ಬೈದರೆ ಹಾರ್ಮೋನು ಬೇಗ ಬರುವುದಿಲ್ಲ.

ತಾಯಿ ಬರೆಯದ ಒಂದು ವಿಷಯ ನಾನು ಕೇಳುತ್ತೇನೆ: ಎರಡಕ್ಕೆ ದಿನಾ ಸರಾಗ ಆಗುತ್ತದೆಯೇ? ಗಟ್ಟಿಯಾದ ಮಲ ಮೂತ್ರಚೀಲವನ್ನು ಒತ್ತುತ್ತದೆ. ಮಲಬದ್ಧತೆ ಹೋದರೆ ಹಾಸಿಗೆಯೂ ಒಣಗಿದ್ದನ್ನು ಎಷ್ಟೋ ಮಕ್ಕಳಲ್ಲಿ ಕಂಡಿದ್ದೇನೆ. ಆರು ತಿಂಗಳು ಒಣಗಿದ್ದ ಮಗು ಮತ್ತೆ ಶುರುಮಾಡಿದರೆ, ಒಂದಕ್ಕೆ ಹೋಗುವಾಗ ಉರಿ ಎಂದರೆ, ಹಗಲಲ್ಲೂ ಬಟ್ಟೆ ಒದ್ದೆಯಾಗುತ್ತಿದ್ದರೆ ವೈದ್ಯರಿಗೆ ತೋರಿಸಿ. ವಿಪರೀತ ಬಾಯಾರಿಕೆಯ ಜೊತೆ ಮಗು ಸೊರಗುತ್ತಿದ್ದರೆ ಅದೇ ದಿನ ತೋರಿಸಿ, ಸಕ್ಕರೆ ಕಾಯಿಲೆ ಇರಬಹುದು. ಬಟ್ಟೆ ಒದ್ದೆಯಾದೊಡನೆ ಸದ್ದು ಮಾಡಿ ಎಬ್ಬಿಸುವ ಅಲಾರಂ, ಮಾತ್ರೆ ಇವೆಲ್ಲ 6–7 ವರ್ಷದ ನಂತರದ ಮಾತು.
– ಮಕ್ಕಳ ವೈದ್ಯರು, ಬೆಳಗಾವಿ

*

ಸಂಜಿ ಐದರ ಮ್ಯಾಲೆ ನೀರು ಬಂದ್ ಮಾಡ್ರಿ. ಎಂಟು ದಿನದಾಗ ಸರಿ ಹೋಗತೈತಿ.
– ಮುಧೋಳ

*

ವಿಜಯಪುರದ ಬಿಸಿಲಲ್ಲಿ ಮಗುವಿನ ನೀರು ತಪ್ಪಿಸಿ ಎಂದು ನಾವಂತೂ ಹೇಳಲಾರೆವು. ಇದೇ ನೀರಿನ ವಿಷಯವನ್ನು ಇಂಡಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಬೇರೆ ಕಡೆಯಿಂದ ನೋಡಿದ್ದಾರೆ.

*

ನಮ್ಮಲ್ಲಿಗೆ ಬರುವ ಮಕ್ಕಳ ಬಾಟಲಿ ತುಂಬಿ ಬರುತ್ತದೆ, ತುಂಬಿಯೇ ಮನೆಗೆ ಹೋಗುತ್ತದೆ. ಪಾಯಿಖಾನೆ ಕತ್ತಲೆ, ಗೋಡೆಯ ಮೇಲೆ ಹಲ್ಲಿ, ಬಾಗಿಲ ಅಗಳಿ ಬಿಗಿ. ಹೆದರಿ ಒಂದಕ್ಕೆ ಹೋಗುವುದಿಲ್ಲ, ಹೋಗಬಾರದೆಂದೇ ನೀರು ಕುಡಿಯುವುದಿಲ್ಲ. ಮನೆಗೆ ಹೋದ ಮೇಲೆ ತಂಬಿಗೆಗಟ್ಟಲೆ ಕುಡಿಯುತ್ತವೆ, ಹೊತ್ತು ಮುಳುಗಿದಾಗ ಚಹಾ-ಬಿಸ್ಕೀಟು ಬೇರೆ. ರಾತ್ರಿ ಆಗುವುದು ಆಗುತ್ತದೆ. ನಾನು ಈಗ ಮಕ್ಕಳನ್ನು ಎರಡು ತಾಸಿಗೊಮ್ಮೆ ಜೊತೆಗೇ ಕರೆದೊಯ್ದು ಬಾಗಿಲು ತೆರೆದಿಟ್ಟು ಹೊರಗೆ ನಿಲ್ಲುತ್ತೇನೆ. ನೀರನ್ನು ಹಗಲಿಗೇ ಕುಡಿಸಿ, ಚಹಾ ಬಿಡಿಸಿ, ಮಲಗುವ ಒಂದು ತಾಸು ಮೊದಲು ನೀರು ಕಡಿಮೆ ಮಾಡಿ. ಬಾಯಾರಿದರೆ ಒಂದು ಗುಟುಕು ಕೊಡಲೇಬೇಕು.

*

ಮೊಮ್ಮಗಳ ಕೈಲೆ ಬರಸಾಕತ್ತೀನಿ. ಎಲ್ಲಾರೂ ಅತ್ತೀಗೇ ಬೈತೀರಿ. ಒದ್ದಿ ಕೌದಿ ಯಾವಾಗರೆ ಎತ್ತೀರೇನು? ಹಳೀ ಸೀರಿ ಪದರ ಮ್ಯಾಲೆ ಪದರ ಹಾಕಿ ಹೊಲದಿರ್ತೀವಿ, ನೀರು ಕುಡೀತಂದ್ರ ಇಬ್ಬರು ಹಿಡದು ಹಿಂಡಬೇಕು. ನಳ ದಿನಾ ಬರೂದಿಲ್ಲ. ಅಕೀಗೂ ನಡಾ ನೋಯ್ತಿರಬೇಕು, ಅದಕ್ಕ ಬಾಯಿ ಬಿಡ್ತಾಳ. ಕೂಸಿಗೆ ಅನಬಾರದು, ಖರೇ ಐತಿ. ಆದ್ರ ಸೊಸಿ ಆಗಲಿ ಮಗಾ ಆಗಲಿ 'ನೀವು ಕೂಡ್ರಿ, ನಾ ಒಗೀತೀನಿ' ಅಂದಾರೇನು? ದಿನಾ ಒಂದು ಎಳ್ಳುಂಡಿ ಕೊಡ್ರಿ ಹುಡುಗಗ.
– ಗುಳೇದಗುಡ್ಡ

*

ಎಳ್ಳುಂಡೆಯಿಂದ ಕೆಡುಕಿಲ್ಲ, ಅದರಿಂದಲೇ ನಿಲ್ಲುತ್ತದೆ ಎನ್ನಲು ಆಧಾರವೂ ಇಲ್ಲ. ಮಗನೂ ಕೌದಿ ಒಗೆಯಬಹುದೆಂಬ ಸೂಚನೆ ನಮಗೆ ಹಿಡಿಸಿತು. ಮದುವೆಯ ಪ್ರಶ್ನೆಗೆ ನೇರ ಉತ್ತರ ಬಂದದ್ದು ಒಂದೇ.

*

ಒಂದು ತಿಂಗಳಲ್ಲಿ ಬಿಡಿಸಲಾಗದು, ಅದರ ಚಿಂತೆ ಬಿಡಿ. ಔಷಧಿ ಅಂಗಡಿಯಲ್ಲಿ ರಬ್ಬರ್ ಶೀಟು ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಕೆಳಗೆ ಅದು, ಮೇಲೆ ಹಳೆಯ ಧೋತರ ನಾಲ್ಕು ಮಡಿಕೆ. ಕೌದಿ ಬೇಡವೇ ಬೇಡ, ಧೋತರವಾದರೆ ಬೆಳಗಾವಿಯ ಮಳೆಯಲ್ಲೂ ಫ್ಯಾನಿನ ಕೆಳಗೆ ಒಣಗುತ್ತದೆ. ಆ ಎರಡು ರಾತ್ರಿಗೆ ಡೈಪರ್ ಚಡ್ಡಿ ಹಾಕಿ, ನಾಚಿಕೆಯೇನಿಲ್ಲ. ಬೇರೆ ಮಕ್ಕಳು ಬರುವ ಮೊದಲೇ ಕೋಣೆಯಲ್ಲಿ ಹಾಕಿಬಿಡಿ. ನೀವು ಮಲಗುವ ಮುನ್ನ ಎಬ್ಬಿಸಿ ಕರೆದೊಯ್ದರೆ ಆ ರಾತ್ರಿಯ ಹಾಸಿಗೆ ಉಳಿಯಬಹುದು, ರೂಢಿ ಬಿಟ್ಟುಹೋಗುವುದಿಲ್ಲ. ಮದುವೆಮನೆಯಲ್ಲಿ ಹತ್ತು ಮಂದಿ ಒಂದೇ ಜಮಖಾನೆಯ ಮೇಲೆ ಮಲಗುತ್ತಾರೆ, ನೀವು ಮೊದಲೇ ಬಾಗಿಲ ಬಳಿಯ ಮೂಲೆ ಹಿಡಿಯಿರಿ. ನಮ್ಮ ಇಬ್ಬರು ಹುಡುಗರನ್ನು ಹೀಗೇ ಎಲ್ಲ ಕಡೆ ಕರೆದುಕೊಂಡು ತಿರುಗಿದ್ದೇವೆ.
– ತಂದೆ, ಚಿಕ್ಕೋಡಿ

*

ತಾಯತ, ಬರೆ, ಹರಕೆ ಸೂಚಿಸಿದ ಪತ್ರಗಳನ್ನು ಬಿಟ್ಟಿದ್ದೇವೆ. ಮುಂದಿನ ಸಂಚಿಕೆಗೆ ಬೈಲಹೊಂಗಲದ ಓದುಗರೊಬ್ಬರ ಪ್ರಶ್ನೆ: ಮೊಮ್ಮಗಳು ಮನೆಯಲ್ಲಿ ಬರೀ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ, ಅಜ್ಜಿ ಸುಮ್ಮನಿರಬೇಕೇ?