ಅಣಬೆ ಜಾಗ ಹೇಳಲ್ಲ, ಹಕ್ಕಿ ಜಾಗ ಯಾಕೆ ಹೇಳ್ಬೇಕು

ಚಿಕ್ಕಪ್ಪ: (ಫೋಟೋ) ನೋಡಿ, ಏಲಕ್ಕಿ ತೋಟದ ಕೆಳಗಿನ ಮರದ ಕೊಂಬೇಲಿ ಅಣಬೆ ಎದ್ದಿದೆ. ಏಪ್ರಿಲಲ್ಲೇ!

ಭಾವ: ಯಾವ್ದು ಅಂತ ಗೊತ್ತಿಲ್ಲದ ಅಣಬೆ ತಿನ್ನೋಕಾಗಲ್ಲ ಬಿಡಿ ಮಾವ

ನಾನು: ಚಿಕ್ಕಪ್ಪ ಜೂಮ್ ಮಾಡಿ. ಕೊಕ್ಕಿನ ಬುಡದಲ್ಲಿ ಮೀಸೆ ಥರ ಕೂದಲಿದೆ, ಕಣ್ಣು ಗೆರೆಯಷ್ಟು ತೆರೆದಿದೆ. ಅದು ಕಪ್ಪೆಬಾಯಿ ಹಕ್ಕಿ, ರಾತ್ರಿ ಹುಳ ಹಿಡಿಯೋದು. ಕೆಳಗಿರೋ ಪಾಚಿ ಮುದ್ದೆ ಗೂಡು. ಬೂದು ಬಣ್ಣ ಅಂದ್ರೆ ಗಂಡು, ಹಗಲು ಕಾವಿಗೆ ಅದೇ ಕೂರೋದು

ಅತ್ತೆ: ಅಯ್ಯೋ ನಾನೂ ಅಣಬೆ ಅಂದ್ಕೊಂಡೆ

ಭಾವ: ಸೂಪರ್! ಫೋಟೋದವರ ಗ್ರೂಪಿಗೆ ಲೊಕೇಶನ್ ಹಾಕಿದೀನಿ, ನಮ್ಮ ಹೋಮ್‌ಸ್ಟೇಗೆ ಬರೋರೂ ಕೇಳ್ತಿರ್ತಾರೆ

ನಾನು: ದಯವಿಟ್ಟು ಡಿಲೀಟ್ ಮಾಡಿ ಭಾವ

ಭಾವ: ಅರೆ ಕದೀತಾರಾ? ನೋಡಿ ಹೋಗ್ತಾರೆ ಅಷ್ಟೇ. ಅಣಬೆ ಆದ್ರೆ ಕಿತ್ಕೊಂಡು ಹೋಗ್ತಾರೆ ಅನ್ಬಹುದು

ನಾನು: ಅಲ್ಲೇ ಉಲ್ಟಾ ಆಗಿರೋದು ಭಾವ. ಹುತ್ತದ ಅಣಬೆ ಕಿತ್ರೂ ಕೆಳಗೆ ಗೆದ್ದಲು ಸಾಕ್ಕೊಂಡಿರೋ ಬೂಷ್ಟು ಹಾಗೇ ಇರುತ್ತೆ, ಅವು ಒಣ ಎಲೆ ಕಟ್ಟಿಗೆ ತಂದು ಅದಕ್ಕೆ ಹಾಕ್ತಾ ಇರ್ತವೆ, ಹುತ್ತ ಅಗೀದಿದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಏಳುತ್ತೆ. ಈ ಹಕ್ಕಿ ಗೂಡಿಗೆ ಇಡೋದು ಒಂದೇ ಮೊಟ್ಟೆ. ಟಾರ್ಚ್, ಫ್ಲ್ಯಾಶ್ ಹಾಕಿ ಹತ್ತು ಜನ ನಿಂತ್ರೆ ಎದ್ದು ಹೋಗುತ್ತೆ, ಮೊಟ್ಟೆ ತಣ್ಣಗಾದ್ರೆ ಆ ಗೂಡಿನ ಕತೆ ಮುಗೀತು. ಅದಕ್ಕಿರೋ ರಕ್ಷಣೆ ಅಂದ್ರೆ ಅಲ್ಲಾಡದೆ ಒಣ ಕೊಂಬೆ ಥರ ಕೂರೋದೊಂದೇ, ಜಾಗ ಹೇಳಿಬಿಟ್ರೆ ಅದೂ ಹೋಯ್ತು

ಅತ್ತೆ: ಅಣಬೆ ಜಾಗ ಮಾತ್ರ ಈ ಮನೇಲಿ ಯಾರೂ ಯಾರಿಗೂ ಹೇಳಲ್ಲ. ನಿಮ್ಮಜ್ಜಿ ಆಟಿ ಮಳೇಲಿ ಬೆಳಿಗ್ಗೆ ಐದಕ್ಕೇ ಕಂಬಳಿ ಕೊಪ್ಪೆ ಹಾಕ್ಕೊಂಡು ಒಬ್ರೇ ಹೋಗ್ತಿದ್ರು, ಬುಟ್ಟಿ ಮೇಲೆ ಸೊಪ್ಪು ಮುಚ್ಕೊಂಡು ಬರ್ತಿದ್ರು, ನಾನು ಮಗಳು ನನಗೇ ಜಾಗ ತೋರಿಸಿದ್ದು ಮದುವೆ ಆದ್ಮೇಲೆ

ನಾನು: ಅದೇ ಅತ್ತೆ. ಅಣಬೆ ಸಾರಿಗೋಸ್ಕರ ಅಷ್ಟು ಗುಟ್ಟು ಇಡೋರು ಒಂದು ಜೀವಕ್ಕೆ ಇಡೋಕಾಗಲ್ವಾ

ಭಾವ: ಎಲ್ಲಾ ಬಚ್ಚಿಟ್ರೆ ಮಕ್ಕಳಿಗೆ ಗೊತ್ತಾಗೋದು ಹೇಗೆ? ಹಕ್ಕಿ ಇದೆ ಅಂತ ಗೊತ್ತಿದ್ರೆ ತಾನೇ ಮರ ಉಳಿಸೋದು

ನಾನು: ಫೋಟೋ ತೋರಿಸಿ, ಹೆಸರು ಹೇಳಿ. ಮರ ಯಾವುದು ಅಂತ ಬೇಡ

ಭಾವ: ಸರಿ ಲೊಕೇಶನ್ ತೆಗ್ದೆ. ಆದ್ರೂ ನಾನು ಹೇಳಿದ್ದು ಯೋಚ್ನೆ ಮಾಡು

ಚಿಕ್ಕಪ್ಪ: ಈಗ ನೋಡ್ದೆ. ನಾಳೆ ಆ ಪಟ್ಟೀಲೇ ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋದು, ಶುರು ಇತ್ತು. ಮೇಸ್ತ್ರಿಗೆ ಫೋನ್ ಮಾಡಿದೀನಿ, ಆ ಸಾಲು ಈಗ ಮುಟ್ಟೋದು ಬೇಡ, ಮರಿ ಹಾರ್ಲಿ. ಎಷ್ಟು ದಿನ ಬೇಕಾಗುತ್ತಮ್ಮ?