ಟೀಚ್ ಗ್ರಾಂಟ್ ಪ್ರಶ್ನೋತ್ತರ: ಹಣಕಾಸು ನೆರವಿನ ಸಲಹೆಗಾರ್ತಿಯನ್ನು ಕೇಳಿ

ನಿರ್ವಾಹಕರು: ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳ ಹಣಕಾಸು ನೆರವಿನ ಸಲಹೆಗಾರ್ತಿಯಾಗಿರುವ ವಸಂತಾ ಅವರು ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಶಿಕ್ಷಕರಾಗಲು ಓದುವವರಿಗೆ ಇಲ್ಲಿನ ಕೇಂದ್ರ ಸರ್ಕಾರ ಕೊಡುವ ಟೀಚ್ ಗ್ರಾಂಟ್ ಮತ್ತು ಅದನ್ನು ವಿಸ್ತರಿಸುವ ಮಸೂದೆಗಳ ಬಗ್ಗೆ ಮಾತ್ರ ಕೇಳಬೇಕಾಗಿ ವಿನಂತಿ.

ಮಂಜುನಾಥ: ನಮಸ್ಕಾರ ಮೇಡಂ. ನನ್ನ ಮಗಳಿಗೆ ಗಣಿತದ ಶಿಕ್ಷಕಿಯಾಗುವ ಆಸೆ. ಈ ಅನುದಾನ ಈಗ ವರ್ಷಕ್ಕೆ 8,000 ಡಾಲರ್ ಆಗಿದೆಯೆಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?

ವಸಂತಾ: ನಿಜವಲ್ಲ. 2007ರ ಕಾಯಿದೆಯಲ್ಲಿ ನಿಗದಿಯಾದ ಗರಿಷ್ಠ ಮೊತ್ತ ಇಂದಿಗೂ ವರ್ಷಕ್ಕೆ 4,000 ಡಾಲರ್. ಕಡ್ಡಾಯ ಬಜೆಟ್ ಕಡಿತ ಕಳೆದು ಕೈಗೆ ಬರುವುದು 3,772. ಇದನ್ನು 8,000ಕ್ಕೆ ಏರಿಸಬೇಕೆಂದು 2021ರಲ್ಲಿ ಅಧ್ಯಕ್ಷ ಬೈಡನ್ ಅವರ ಅಮೆರಿಕನ್ ಫ್ಯಾಮಿಲೀಸ್ ಪ್ಲಾನ್ ಪ್ರಸ್ತಾಪಿಸಿತ್ತು. ಶಿಕ್ಷಕರಲ್ಲಿ ವೈವಿಧ್ಯ ಹೆಚ್ಚಿಸಲೆಂದೇ ಮಂಡಿಸಿದ ಡೈವರ್ಸಿಫೈ ಮಸೂದೆಯೂ ಅದನ್ನೇ ಕೇಳಿತು. ಎರಡೂ ಕಾನೂನಾಗಲಿಲ್ಲ. ನಿಮ್ಮ ಮಗಳು ಕೇಂದ್ರದ ಹಣಕಾಸು ನೆರವಿಗೆ ಹಾಕುವ ಫಾಫ್ಸಾ ಅರ್ಜಿ ತುಂಬಲಿ, ಜಿಪಿಎ (ಸರಾಸರಿ ಅಂಕ) 3.25ಕ್ಕಿಂತ ಇಳಿಯದಂತೆ ನೋಡಿಕೊಳ್ಳಲಿ.

ರಾಘವೇಂದ್ರ: ಮೈಸೂರಿನಲ್ಲಿ ಮುಗಿಸಿದ ಬಿ.ಎಡ್. ಇದ್ದರೂ ಇಲ್ಲಿ ಮತ್ತೆ ಓದಬೇಕೇ? ಓದಿದರೆ ಈ ಅನುದಾನ ಸಿಗುತ್ತದೆಯೇ?

ಸವಿತಾ: ವಸಂತಕ್ಕ, ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಟೆಕ್ಸಾಸ್‌ನಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಟೀಚ್ ಗ್ರಾಂಟ್ ಪಡೆದು 2019ರ ಆಗಸ್ಟ್‌ನಲ್ಲಿ ಮುಗಿಸಿದೆ. ಬಡ ಕುಟುಂಬಗಳ ಮಕ್ಕಳು ಹೆಚ್ಚಿದ್ದ ಶಾಲೆಯಲ್ಲಿ ಮೂರು ವರ್ಷ ಪೂರ್ಣಾವಧಿ ಗಣಿತ ಕಲಿಸಿದೆ. ನಂತರ ಯಜಮಾನರ ಕೆಲಸದಿಂದಾಗಿ ನಾರ್ತ್ ಕೆರೊಲಿನಾಗೆ ಬಂದೆವು, ಮಗು ಹುಟ್ಟಿತು. ಈಗ ಖಾಸಗಿ ಶಾಲೆಯೊಂದರಲ್ಲಿ ಅರೆಕಾಲಿಕ ಕೆಲಸ. ನಾಲ್ಕು ವರ್ಷ ಕಲಿಸಬೇಕೆಂಬ ಷರತ್ತಿನ ಅವಧಿ ಮುಗಿಯುತ್ತಿದೆ ಎಂಬ ಪತ್ರ ಬಂದಿದೆ. ಮೂರು ವರ್ಷದ ಸೇವೆಯಾಗಿರುವುದರಿಂದ ಕಾಲು ಭಾಗ ಮಾತ್ರ ಕಟ್ಟಿದರೆ ಸಾಕೆಂದು ಗೆಳತಿಯರು ಹೇಳುತ್ತಿದ್ದಾರೆ.

ವಸಂತಾ: ಸವಿತಾ, ನಿಮ್ಮ ಗೆಳತಿಯರ ಮಾತು ತಪ್ಪು. ಈ ಅನುದಾನದಲ್ಲಿ ಕಾಲು, ಅರೆ, ಮುಕ್ಕಾಲು ಎಂಬ ಲೆಕ್ಕವೇ ಇಲ್ಲ. ಓದು ಮುಗಿದ ಎಂಟು ವರ್ಷಗಳೊಳಗೆ ನಾಲ್ಕು ಪೂರ್ಣ ಶೈಕ್ಷಣಿಕ ವರ್ಷಗಳ ಸೇವೆ ಆಗದಿದ್ದರೆ ಇಡೀ ಮೊತ್ತ, ಅಂದರೆ ನಿಮ್ಮ ವಿಷಯದಲ್ಲಿ ಸುಮಾರು 7,500 ಡಾಲರ್, ಸಾಲವಾಗಿ ಬದಲಾಗುತ್ತದೆ. ಬಡ್ಡಿಯನ್ನು ಹಣ ಬಿಡುಗಡೆಯಾದ ದಿನದಿಂದಲೇ ಎಣಿಸುತ್ತಾರೆ. ನಿಮ್ಮ ಎಂಟು ವರ್ಷ ತುಂಬುವುದು 2027ರ ಆಗಸ್ಟ್‌ಗೆ. ಆದ್ದರಿಂದ 2026ರ ಆಗಸ್ಟ್‌ನಲ್ಲಿ ಆರಂಭವಾಗುವ ಶಾಲಾ ವರ್ಷವೇ ನಿಮಗೆ ಉಳಿದಿರುವ ಕೊನೆಯ ಪೂರ್ಣ ವರ್ಷ.

ಬೇರೆ ರಾಜ್ಯಕ್ಕೆ ಬಂದದ್ದರಿಂದ ಹಳೆಯ ಮೂರು ವರ್ಷ ಕಳೆದುಹೋಗುವುದಿಲ್ಲ. ಆದರೆ ಹೊಸ ಶಾಲೆ ಶಿಕ್ಷಣ ಇಲಾಖೆಯ ಕಡಿಮೆ ಆದಾಯದ ಶಾಲೆಗಳ ಪಟ್ಟಿಯಲ್ಲಿರಬೇಕು, ಕೆಲಸ ಪೂರ್ಣಾವಧಿಯದಾಗಿರಬೇಕು, ಅರ್ಧಕ್ಕಿಂತ ಹೆಚ್ಚು ತರಗತಿಗಳು ಗಣಿತದವೇ ಆಗಿರಬೇಕು. ಎರಡು ತರಗತಿ ಗಣಿತ, ಮೂರು ತರಗತಿ ಚಿತ್ರಕಲೆ ಕೊಟ್ಟರೆ ಆ ವರ್ಷ ಎಣಿಕೆಗೆ ಬಾರದು. ಒಪ್ಪಿಕೊಳ್ಳುವ ಮೊದಲೇ ಇದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹೆರಿಗೆಯ ಕಾರಣಕ್ಕೆ ಅವಧಿಯನ್ನು ತಡೆಹಿಡಿಯುವಂತೆ ಕೋರಲು ಅವಕಾಶವಿದೆ, ಆದರೆ ಆ ಅರ್ಜಿ ಅನುದಾನ ಸಾಲವಾಗುವ ಮೊದಲೇ ತಲುಪಬೇಕು. ನಾಳೆಯೇ ಸಾಲ ನಿರ್ವಹಣಾ ಸಂಸ್ಥೆಗೆ ಕರೆ ಮಾಡಿ, ನಿಮ್ಮ ಮೂರೂ ವರ್ಷಗಳ ಸೇವೆ ದಾಖಲಾಗಿದೆಯೇ ಎಂದು ಮೊದಲು ಕೇಳಿ. ಹಿಂದೆ ವಾರ್ಷಿಕ ದೃಢೀಕರಣ ಪತ್ರ ತಡವಾಯಿತೆಂಬ ಒಂದೇ ಕಾರಣಕ್ಕೆ ಸಾವಿರಾರು ಶಿಕ್ಷಕರ ಅನುದಾನ ಸಾಲವಾಗಿತ್ತು. 2021ರ ನಿಯಮದಿಂದ ಅದು ನಿಂತಿದೆ; ದಾಖಲೆ ಇಟ್ಟುಕೊಳ್ಳುವ ಹೊಣೆ ಮಾತ್ರ ನಿಮ್ಮದೇ.

ಪ್ರಕಾಶ್: ಮೇಡಂ, 8,000 ಡಾಲರ್ ಯಾವಾಗಿನಿಂದ ಕೊಡುತ್ತಾರೆ?

ವಸಂತಾ: ಮೇಲೆ ಉತ್ತರಿಸಿದ್ದೇನೆ.

ಶೈಲಜಾ: ನಾನು ಯಜಮಾನರ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿದ್ದೇನೆ. ಅರ್ಜಿ ಹಾಕಬಹುದೇ?

ವಸಂತಾ: ಇಲ್ಲ. ಸಾಮಾನ್ಯವಾಗಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು.

ಗಿರೀಶ್: ನನಗೆ ಬಂದ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ: ‘ವೈವಿಧ್ಯದ ಹೊಸ ಕಾನೂನಿನಡಿ ಭಾರತೀಯರ ಟೀಚ್ ಸಾಲ ಪೂರ್ತಿ ಮನ್ನಾ. 300 ಡಾಲರ್ ಕೊಟ್ಟರೆ ಏಜೆಂಟರೇ ಎಲ್ಲ ಮಾಡಿಸುತ್ತಾರೆ.’ ಸವಿತಾ ಅವರಿಗೆ ಉಪಯೋಗವಾಗಬಹುದು.

ವಸಂತಾ: ದಯವಿಟ್ಟು ಅಳಿಸಿ. ಅಂಥ ಕಾನೂನು ಇಲ್ಲ. ಟೀಚ್ ಗ್ರಾಂಟ್ ಅರ್ಜಿದಾರರ ಜನಾಂಗವನ್ನು ನೋಡುವುದೇ ಇಲ್ಲ. ಇಂಥವರ ಕೈಗೆ ಲಾಗಿನ್ ಕೊಟ್ಟು ಹಣ ಕಳೆದುಕೊಂಡ ವಿದ್ಯಾರ್ಥಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂದು ಇದು ಮೂರನೆಯ ಫಾರ್ವರ್ಡ್. ಓದಿ ನೋಡದೆ ಹಂಚುವವರಿಗೆ ಇದರಿಂದಾಗುವ ಹಾನಿಯ ಅರಿವಿಲ್ಲ.

ಮಂಜುನಾಥ: ಜನಾಂಗ ನೋಡದಿದ್ದರೆ ವೈವಿಧ್ಯ ಎಲ್ಲಿಂದ ಬರುತ್ತದೆ? ಇಲಿನಾಯ್‌ ರಾಜ್ಯದಲ್ಲಿ ಅಲ್ಪಸಂಖ್ಯಾತ ಶಿಕ್ಷಕರಿಗೆಂದೇ ವಿದ್ಯಾರ್ಥಿವೇತನ ಆರಂಭಿಸಿದ್ದರು.

ಗಿರೀಶ್: ಅದರ ವಿರುದ್ಧ 2024ರಲ್ಲಿ ಮೊಕದ್ದಮೆಯೂ ಆಗಿದೆ. ನನ್ನ ಮಗನಿಗೆ ಬಣ್ಣ ನೋಡಿ ಹಣ ಬೇಡ. ಊರಿನ ಮೀಸಲಾತಿಯ ಜಗಳವನ್ನು ಇಲ್ಲಿಗೂ ತರಬೇಕೇ?

ಮಂಜುನಾಥ: ತಂದವರು ನೀವು. ಮೀಸಲಾತಿಯಿಂದ ಓದಿದವನು ನಾನು, ನನ್ನ ಊರಿನಲ್ಲಿ ಮೊದಲ ಪದವೀಧರ. ಅದನ್ನು ಜಗಳ ಎಂದು ಕರೆಯಬೇಡಿ.

ಗಿರೀಶ್: ವೈಯಕ್ತಿಕವಾಗಿ ಹೇಳಲಿಲ್ಲ.

ಮಂಜುನಾಥ: ವೈಯಕ್ತಿಕವಾಗಿಯೇ ತಾಗುತ್ತದೆ.

ವಸಂತಾ: ಇಬ್ಬರಿಗೂ ಒಂದೇ ಉತ್ತರ ಬರೆದು ಈ ಚರ್ಚೆಯಿಂದ ಹೊರಗಿರುತ್ತೇನೆ. 2020-21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರಲ್ಲಿ ಶೇ. 80ರಷ್ಟು ಬಿಳಿಯರು, ಕಪ್ಪು ಶಿಕ್ಷಕರು ಶೇ. 6, ಏಷ್ಯಾ ಮೂಲದವರು ಶೇ. 2 ಮಾತ್ರ, ಮಕ್ಕಳಲ್ಲಾದರೋ ಅರ್ಧಕ್ಕಿಂತ ಹೆಚ್ಚಿನವರು ಬಿಳಿಯೇತರರು. ಬಿಳಿಯ, ಕಪ್ಪು ಮಕ್ಕಳಿಗೆ ಪ್ರತ್ಯೇಕ ಸರ್ಕಾರಿ ಶಾಲೆ ಸಲ್ಲದೆಂದ 1954ರ ಬ್ರೌನ್ ತೀರ್ಪಿನ ನಂತರ ದಕ್ಷಿಣದ ರಾಜ್ಯಗಳು ಶಾಲೆಗಳನ್ನು ಒಂದುಗೂಡಿಸುವಾಗ ಸಾವಿರಾರು ಕಪ್ಪು ಶಿಕ್ಷಕರನ್ನು ಕೆಲಸದಿಂದ ತೆಗೆದವು. ಇಂದಿನ ಕೊರತೆಗೆ ಅದೂ ಒಂದು ಕಾರಣ. ಬಡತನದಿಂದ ಬಂದವರಿಗೆ ಓದಿನ ಖರ್ಚು ಇಳಿದರೆ ಅವರು ಶಿಕ್ಷಕರಾಗುತ್ತಾರೆ ಎಂಬುದು ಈ ಮಸೂದೆಗಳ ನಂಬಿಕೆ, ನನ್ನದೂ ಹೌದು. ಆದರೆ ಷರತ್ತುಗಳನ್ನು ಹಾಗೆಯೇ ಬಿಟ್ಟು ಮೊತ್ತವನ್ನಷ್ಟೇ 8,000ಕ್ಕೆ ಏರಿಸಿದರೆ ಸವಿತಾ ಅವರಂಥವರ ಸಾಲವೂ ದುಪ್ಪಟ್ಟಾಗುತ್ತದೆ. ನನ್ನನ್ನು ಕಾಡುವುದು ಇದು.

ಪ್ರಕಾಶ್: ಹಾಗಾದರೆ 8,000 ಬರುವುದಿಲ್ಲವೇ?

ವಸಂತಾ: ಪ್ರಕಾಶ್ ಅವರೇ, ಮೊದಲ ಉತ್ತರ ಓದಿ.

ಸವಿತಾ: ಅಕ್ಕ, ಕರೆ ಮಾಡಿದೆ. ಎರಡು ವರ್ಷಗಳ ಸೇವೆ ಮಾತ್ರ ದಾಖಲಾಗಿದೆಯಂತೆ. 2021-22ರ ಪತ್ರಕ್ಕೆ ಪ್ರಾಂಶುಪಾಲರ ಸಹಿ ಇಲ್ಲ. ಅವರು ಈಗ ಆ ಶಾಲೆಯಲ್ಲಿಲ್ಲ.

ವಸಂತಾ: ಗಾಬರಿಯಾಗಬೇಡಿ. ಈಗಿನ ಪ್ರಾಂಶುಪಾಲರಿಂದ ಅಥವಾ ಶಾಲಾ ಜಿಲ್ಲೆಯ ಸಿಬ್ಬಂದಿ ವಿಭಾಗದಿಂದ ಸಹಿ ಪಡೆಯಬಹುದೇ ಎಂದು ಅದೇ ಸಂಸ್ಥೆಯನ್ನು ಕೇಳಿ. ಆ ವರ್ಷದ ವೇತನ ಚೀಟಿ, ವೇಳಾಪಟ್ಟಿ, ಒಪ್ಪಂದ ಪತ್ರ ಇಂದೇ ಹುಡುಕಿಡಿ. ಯಾರ ಜೊತೆ, ಯಾವ ದಿನ ಮಾತನಾಡಿದಿರಿ ಎಂದು ಬರೆದಿಡಿ. ಸಿಕ್ಕಿದ್ದನ್ನು ನನಗೆ ಖಾಸಗಿಯಾಗಿ ತಿಳಿಸಿ, ಜೊತೆಯಲ್ಲೇ ಕುಳಿತು ನೋಡೋಣ.

ರಾಘವೇಂದ್ರ: ಬಿ.ಎಡ್. ಬಗ್ಗೆ ನಾನು ಆಗಲೇ ಕೇಳಿದ್ದೆ. ಯಾರೂ ಉತ್ತರಿಸಲಿಲ್ಲ.